ನಿತ್ಯ ಪೂಜೆ, ಬದಲಾವಣೆ ಇಲ್ಲ

ವಾಗದರಿ
ತಾ. 12-2-2025, ಬುಧವಾರ

ಚಿ. ಅನುಜಾಗೆ ಅವ್ವನ ಆಶೀರ್ವಾದ.

ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಬರೆಯುವುದಿಲ್ಲ. ಆಶೀರ್ವಾದ ಮಾತ್ರ ಬರೆದಿದ್ದೇನೆ, ಯಾಕೆಂದರೆ ನೀನು ಹೊಟ್ಟೆಯಲ್ಲಿ ಹುಟ್ಟಿದವಳು, ಸಿಟ್ಟು ಬಂತೆಂದು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಸಿಟ್ಟಂತೂ ಬಂದಿದೆ. ಹತ್ತು ದಿನದಿಂದ ನಿನ್ನ ಫೋನು ಎತ್ತಿಲ್ಲ. ತೇಜಸ ತನ್ನ ಫೋನು ತಂದು ಕಿವಿಗೆ ಹಿಡಿದಾಗಲೂ "ರೊಟ್ಟಿ ಬಡ್ಯಾಕತ್ತೀನಿ" ಎಂದು ತಳ್ಳಿಬಿಟ್ಟಿದ್ದೇನೆ. ಫೋನಿನಲ್ಲಿ ನೀನು ನಿನ್ನ ಕಸುಬಿನ ದನಿ ತೆಗೆಯುತ್ತೀ. "ನಿನಗ ಸಿಟ್ಟು ಬಂದೈತಿ ಅಂತ ನನಗ ತಿಳೀತದ ಅವ್ವಾ" ಎಂದು ಮೆತ್ತಗೆ ಅನ್ನುತ್ತೀ. ಆ ಮೆತ್ತಗಿನ ದನಿ ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತದೆ. ಪತ್ರಕ್ಕೆ ನಡುವೆ ಬಾಯಿ ಹಾಕಲು ನಿನಗೆ ಬರುವುದಿಲ್ಲ, ಅದಕ್ಕೇ ಪತ್ರ.

ಕನ್ನಡದಲ್ಲಿ ಬರೆದರೆ ಇನ್ನೊಂದು ಅನುಕೂಲ. ಊರ ಮಕ್ಕಳಿಗೆಲ್ಲ ಕನ್ನಡ ಸಾಲೆಯಲ್ಲಿ ಅಕ್ಷರ ತಿದ್ದಿಸಿದ ನಾನು ಸ್ವಂತ ಮಗನನ್ನು ಮರಾಠಿ ಸಾಲೆಗೆ ಬಿಟ್ಟುಕೊಟ್ಟೆನಲ್ಲ ಎಂದು ಇಷ್ಟು ವರ್ಷ ಸಂಕಟಪಟ್ಟಿದ್ದೆ. ಈಗ ಅದೂ ಉಪಯೋಗಕ್ಕೆ ಬಂತು. ಈ ಹಾಳೆ ಮೇಜಿನ ಮೇಲೆ ಬಿದ್ದಿದ್ದರೂ ತೇಜಸನಿಗೆ ಒಂದಕ್ಷರ ತಿಳಿಯುವುದಿಲ್ಲ. ನಿಮ್ಮಪ್ಪನಿಗೆ ಓದಲು ಬರುತ್ತದೆ, ಆದರೆ ಅವರು ಈಗ ಯಾವ ಕಾಗದವನ್ನೂ ಕೈಯಲ್ಲಿ ಹಿಡಿಯುತ್ತಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿಮ್ಮ ದವಾಖಾನೆಯಲ್ಲಿ ನಿಮ್ಮಪ್ಪನ ಮೇಲೆ ಒಂದು ಫೈಲು ಇದೆ. ಇದು ನನ್ನ ಫೈಲು.

ದೀಪಾವಳಿ ಆದಮೇಲೆ ಮೊದಲು ಅವರ ನಿದ್ದೆ ಹೋಯಿತು, ಆಮೇಲೆ ಮಾತು ಹೋಯಿತು. ತೊಗರಿ ಹೊಲಕ್ಕೆ ಹೋಗಿ ಕುಡಗೋಲು ಹಿಡಿದುಕೊಂಡು ಸುಮ್ಮನೆ ನಿಂತುಬಿಡುತ್ತಿದ್ದರು. ಕಾರಣ ಹುಡುಕಿ ಹುಡುಕಿ ನನಗೆ ಸಾಕಾಯಿತು. ಬೆಳೆ ಚೆನ್ನಾಗಿತ್ತು, ಮನೆಯಲ್ಲಿ ಯಾರ ಕೂಡವೂ ಜಗಳ ಇರಲಿಲ್ಲ. ಕಾರಣ ಇಲ್ಲದೆಯೂ ಮನುಷ್ಯನಿಗೆ ಹೀಗಾಗುತ್ತದೆ, ಜ್ವರ ಬಂದಂತೆ ಇದೂ ಬರುತ್ತದೆ ಎಂದು ನನಗೆ ತಿಳಿಸಿ ಹೇಳಿದವಳು ನೀನೇ. ಅದನ್ನು ಇಲ್ಲ ಅನ್ನುವುದಿಲ್ಲ. ಸೋಲಾಪುರದ ಡಾಕ್ಟರರಿಗೆ ತೋರಿಸಿದೆ, ಗುಳಿಗೆ ಬರೆಸಿದೆ. ಅವನ್ನು ಒಂದು ಹೊತ್ತೂ ತಪ್ಪಿಸದೆ ಕೊಟ್ಟವಳು ನಾನು. ಸಾಲೆಯ ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು, ಕೊಟ್ಟದ್ದಕ್ಕೆ ಗುರುತು ಹಾಕಿದ್ದೇನೆ. ಬೇಕಾದರೆ ಬಂದು ನೋಡು.

ನಿಮ್ಮ ಮರೆಪ್ಪ ಕಾಕಾ ಬಂದು, "ವೈನಿ, ಅಕ್ಕಲಕೋಟಿ ಗುರುವಾರದ ನೇಮ ಮುಗಿಯೂತನಾ ಗುಳಿಗಿ ಬಂದ್ ಮಾಡ್ರಿ, ಎರಡೂ ಕೂಡಿದ್ರ ಯಾವ್ದೂ ಹತ್ತಂಗಿಲ್ಲ" ಎಂದ. ಅವನಿಗೆ ಚಹಾ ಕೊಟ್ಟು ಕಳಿಸಿದೆ, ಗುಳಿಗೆ ನಿಲ್ಲಿಸಲಿಲ್ಲ. ಐದು ಗುರುವಾರ ಅಕ್ಕಲಕೋಟೆಗೆ ಹೋದೆವು. ಸ್ವಾಮಿಗಳ ಗುಡಿಯ ಸಾಲಿನಲ್ಲಿ ನಿಮ್ಮಪ್ಪ ಮಗುವಿನ ಹಾಗೆ ನನ್ನ ಹಿಂದೆ ನಿಲ್ಲುತ್ತಿದ್ದರು. ಪ್ರಸಾದದ ಊಟ ಮಾಡಿ ಕೈ ತೊಳೆದ ಕೂಡಲೇ ಅಲ್ಲೇ ನಳದ ಹತ್ತಿರ ಮಧ್ಯಾಹ್ನದ ಗುಳಿಗೆ ನುಂಗಿಸುತ್ತಿದ್ದೆ. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ನಿಮ್ಮ ಮಂದಿಯ ಲೆಕ್ಕದಲ್ಲಿ ನಮ್ಮಂಥವರು ಎರಡೇ ಜಾತಿ. ಒಂದು ಗುಳಿಗೆ ನುಂಗುವವರು, ಇನ್ನೊಂದು ಗುಡಿ ಸುತ್ತುವವರು. ಎರಡನ್ನೂ ಮಾಡುವ ನನಗೆ ನಿಮ್ಮ ಫಾರ್ಮಿನಲ್ಲಿ ಮನೆಯೇ ಇಲ್ಲ.

ಆಮೇಲೆ ಆ ಸೋಮವಾರ, ಜನವರಿ ಇಪ್ಪತ್ತೇಳು. ಬೆಳಿಗ್ಗೆ ಧೂಳಪ್ಪ ನಿಮ್ಮಪ್ಪನ ತೋಳು ಹಿಡಿದುಕೊಂಡು ಹೊಲದಿಂದ ಕರೆದುಕೊಂಡು ಬಂದ. "ಬಾಯಾರ, ಮಾಲಕರು ಬಾವಿ ದಂಡಿ ಮ್ಯಾಲ ಕುಂತಿದ್ರಿ. ಕರದ್ರ ಓ ಅನ್ಲಿಲ್ಲ. ನನಗ್ಯಾಕೋ ಜೀವ ಹಾರಿದಂಗ ಆತ್ರಿ" ಎಂದ. ನಮ್ಮ ಹೊಲದಲ್ಲಿ ಇಪ್ಪತ್ತು ವರ್ಷ ದುಡಿದವನು, ಸುಮ್ಮನೆ ಹೇಳುವವನಲ್ಲ. ನಿನಗೆ ಫೋನು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ನೀನು ಕೆಲಸ ಮಾಡುವ ದವಾಖಾನೆಯ ಕಿಟಕಿಯ ಮುಂದೆ ಇದ್ದೆವು. ನೀನು ಫಾರ್ಮು ತುಂಬಿದೆ, ಸಹಿ ಮಾಡಿದೆ. ಸ್ವಂತ ತಂದೆಗೆ ನೀನೇ ಸಮಾಲೋಚನೆ ಮಾಡಲು ಬರುವುದಿಲ್ಲ, ಅವಿನಾಶ ಸರ್ ನೋಡಿಕೊಳ್ಳುತ್ತಾರೆ ಎಂದೆ. ಗಂಡಸರ ವಾರ್ಡು, ಮೊದಲ ಮೂರು ದಿನ ಹೆಂಗಸರನ್ನು ಬಿಡುವುದಿಲ್ಲ, ತೇಜಸ ಒಳಗಿರುತ್ತಾನೆ ಎಂದೆ. ಎಲ್ಲದಕ್ಕೂ ನಾನು ಹೂಂ ಅಂದೆ.

ಮೂರು ದಿನ ನಿನ್ನ ಮನೆಯಲ್ಲಿದ್ದೆ. ಮೂರು ದಿನವೂ ನೀನು ನನ್ನ ಎದುರಿಗೆ ಕುಳಿತು ಊಟ ಮಾಡಿದೆ. "ಅಪ್ಪ ಹೆಂಗ ಅದಾನ?" ಎಂದರೆ "ಸ್ಥಿರ ಅದಾನ ಅವ್ವಾ" ಎಂದೆ. ತುತ್ತು ಹೇಗೆ ಇಳಿಯಿತು ನಿನಗೆ?

ನಾಲ್ಕನೆಯ ದಿನ ನನ್ನನ್ನು ಒಳಗೆ ಬಿಟ್ಟರು. ನಿಮ್ಮಪ್ಪ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕೈಗೆ ಸಲಾಯಿನ್ ಹಚ್ಚಿದ್ದರು. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು, ಕೊರಳು ಬರಿದಾಗಿತ್ತು. ನಾನು ನೋಡುತ್ತಿರುವುದು ಯಾರನ್ನು ಎಂದು ಒಂದು ಗಳಿಗೆ ನನ್ನ ಕಣ್ಣುಗಳಿಗೇ ತಿಳಿಯಲಿಲ್ಲ. ಹನ್ನೊಂದನೆಯ ವರ್ಷಕ್ಕೆ ಕಟ್ಟಿಕೊಂಡ ಲಿಂಗ ಅದು. ನಾನು ಈ ಮನೆಗೆ ಬಂದಾಗಿನಿಂದ ಆ ಕೊರಳನ್ನು ಬರಿದಾಗಿ ಕಂಡದ್ದಿಲ್ಲ. ಸ್ನಾನಕ್ಕೂ ಅದು ಮೈಮೇಲೆ, ಜ್ವರಕ್ಕೂ ಮೈಮೇಲೆ.

ಸಿಸ್ಟರ್ ಸಾರಿಕಾಳನ್ನು ಕೇಳಿದೆ. ಪಾಪ, ಅವಳದೇನೂ ತಪ್ಪಿಲ್ಲ. "ನಿಯಮ ಐತ್ರಿ ಮಾವಶಿ. ಈ ವಾರ್ಡಿನ್ಯಾಗ ದಾರ, ಪಟ್ಟಾ, ಲಾಡಿ ಏನೂ ಬಿಡಂಗಿಲ್ಲ. ನಿಮ್ಮ ಮಗಳ ಸಹಿ ಐತಲ್ರಿ" ಎಂದಳು. ಕಪಾಟು ತೆರೆದು ತೋರಿಸಿದಳು. ನಂಬರು ಹಚ್ಚಿದ ಪ್ಲಾಸ್ಟಿಕ್ ಚೀಲ. ಅದರಲ್ಲಿ ಅವರ ಉಡದಾರ, ಸೊಂಟದ ಚರ್ಮದ ಪಟ್ಟಾ, ಆ ಪಟ್ಟಾದ ಸುತ್ತಿನಲ್ಲಿ ಸಿಕ್ಕಿಕೊಂಡು ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಚರ್ಮದ ಜೊತೆಗೆ. ನಾಲ್ಕು ದಿನ.

ನಿನಗೆ ಗೊತ್ತಿರಲಿಲ್ಲವೇ, ಅನುಜಾ? ಸಾರಿಕಾಗೆ ಗೊತ್ತಿರಲಿಕ್ಕಿಲ್ಲ, ಅವಿನಾಶ ಸರ್‌ಗೆ ಗೊತ್ತಿರಲಿಕ್ಕಿಲ್ಲ. ನೀನು ನಿಮ್ಮಪ್ಪನ ಮಗ್ಗಲಿಗೆ ಕುಳಿತು ಒಂದೊಂದೇ ಪತ್ರಿ ಎತ್ತಿ ಕೊಟ್ಟವಳು. ಅವರು ಅಂಗೈಯಲ್ಲಿ ಲಿಂಗ ಇಟ್ಟು ನೋಡುತ್ತ ಕುಳಿತರೆ ನೀನೂ ಉಸಿರು ಹಿಡಿದು ಕುಳಿತಿರುತ್ತಿದ್ದೆ. ಲಿಂಗಪೂಜೆ ಆಗದೆ ಆ ಮನುಷ್ಯ ಬಾಯಿಗೆ ನೀರು ಹಾಕುವುದಿಲ್ಲ ಎಂಬುದು ಊರ ಕೂಸಿಗೂ ಗೊತ್ತು. ಲಗ್ನದ ಮನೆಯಲ್ಲಿ ಎಲೆ ಹಾಕಿ ಇಟ್ಟಿದ್ದರೂ ಪೂಜೆಗೆ ಜಾಗ ಸಿಗುವ ತನಕ ಹಸಿದು ಕೂಡುತ್ತಿದ್ದರು. ಅಂಥವರ ಲಿಂಗ ಕಿತ್ತುಕೊಂಡು ಕಪಾಟಿನಲ್ಲಿಟ್ಟು, ಎದುರಿಗೆ ತಾಟು ಇಟ್ಟು, ಉಣ್ಣಲಿಲ್ಲ ಎಂದು ಫೈಲಿನಲ್ಲಿ ಏನು ಬರೆದಿರಿ? ಅನ್ನ ನಿರಾಕರಿಸುತ್ತಾರೆ, ರೋಗದ ಲಕ್ಷಣ. ರೋಗ ಅವರಿಗೆ ಇತ್ತು, ಅದನ್ನು ಒಪ್ಪುತ್ತೇನೆ. ಈ ಉಪವಾಸ ಮಾತ್ರ ನೀವು ಕೊಟ್ಟದ್ದು.

ಇನ್ನೊಂದು ಕೇಳು. ಅವರು ಡಾಕ್ಟರರ ಮುಂದೆ, "ಲಿಂಗಯ್ಯ ನನ್ನ ಕೂಡ ಮಾತಾಡವಲ್ಲ" ಎಂದರಂತೆ. ತೇಜಸ ಅದನ್ನು ಮರಾಠಿಯಲ್ಲಿ ಹೇಳಿದನಂತೆ. ಡಾಕ್ಟರು ಏನು ತಿಳಿದರು? ಇವರಿಗೆ ಇಷ್ಟು ದಿನ ದೇವರ ಧ್ವನಿ ಕೇಳಿಸುತ್ತಿತ್ತು ಎಂದು. ಅದಕ್ಕೊಂದು ಹೊಸ ಗುಳಿಗೆ ಸೇರಿಸಿದರು. ಮನಸ್ಸು ಪೂಜೆಯಲ್ಲಿ ಕೂಡುತ್ತಿಲ್ಲ, ಕೂತರೂ ಒಣಗಿದಂತಾಗುತ್ತದೆ ಎನ್ನುವುದನ್ನು ನಮ್ಮ ಮಂದಿ ಹಾಗೆಯೇ ಹೇಳುತ್ತಾರೆ. ನಿನ್ನ ಅಜ್ಜಿಯೂ ಹಾಗೇ ಅನ್ನುತ್ತಿದ್ದಳು, ಅವಳಿಗೆ ಯಾರೂ ಗುಳಿಗೆ ಕೊಡಲಿಲ್ಲ. ಒಂದು ಮಾತು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.

ನೀನು ಹೋದ ವರ್ಷ ಪುಣೆಯಲ್ಲಿ ಏನೋ ತರಬೇತಿ ಮುಗಿಸಿಕೊಂಡು ಬಂದಿದ್ದೆ. ಈ ಕಟ್ಟೆಯ ಮೇಲೆಯೇ ಕುಳಿತು, "ಮನಸ್ಸಿನ ಮಾತು ಕೇಳಬೇಕಾದ್ರ ಮಂದಿ ನಂಬಿಕಿನೂ ಕೇಳಬೇಕು ಅವ್ವಾ, ಈಗ ಅದಕ್ಕೊಂದು ಪದ್ಧತಿ ಮಾಡ್ಯಾರ" ಎಂದು ಹೇಳಿದ್ದೆ. ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತೇನು? ಸಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಆ ಪದ್ಧತಿಯನ್ನೂ ನೋಡಿದೆ. ಅವಿನಾಶ ಸರ್ ಫೈಲು ತಿರುಗಿಸಿ ತೋರಿಸಿದರು. ಧಾರ್ಮಿಕ ಶ್ರದ್ಧೆ ಎಂಬ ಕಾಲಂ. ಅದರಲ್ಲಿ ನಿನ್ನ ಕೈಯ ಮರಾಠಿ ಅಕ್ಷರ, ನಾನೇ ಕೋಲು ಹಿಡಿದು ಗುಂಡಗೆ ಮಾಡಿಸಿದ ಕೈ. "ನಿತ್ಯ ಪೂಜೆ. ಬದಲಾವಣೆ ಇಲ್ಲ." ನಾಲ್ಕು ಪದ. ನಲವತ್ತೈದು ವರ್ಷ ಲಿಂಗಪೂಜೆ ಮಾಡಿದ ನಿಮ್ಮಪ್ಪ ನಾಲ್ಕು ಪದದಲ್ಲಿ ಮುಗಿದು ಹೋದರು. ಸಂತೆಯ ಚೀಟಿಯನ್ನೂ ಇದಕ್ಕಿಂತ ಉದ್ದ ಬರೆಯುತ್ತಾರೆ.

ನಾನು ಅವಿನಾಶ ಸರ್‌ಗೆ ಸರಳವಾಗಿ ಹೇಳಿದೆ. ನಿಮಗೆ ಭಯ ದಾರದ್ದು ತಾನೆ, ದಾರ ಇಟ್ಟುಕೊಳ್ಳಿ. ಲಿಂಗಕ್ಕೆ ದಾರ ಬೇಕಿಲ್ಲ, ಅದು ಅಂಗೈಯಲ್ಲಿ ಕೂಡುವಂಥದ್ದು. ದಿನಕ್ಕೆ ಎರಡು ಸಲ ಸಿಸ್ಟರ್ ಎದುರಿಗೆ ಅಂಗೈಯಲ್ಲಿ ಕೊಡಿ, ಅರ್ಧ ತಾಸು ಆದಮೇಲೆ ಹಿಂದಕ್ಕೆ ಇಸಿದುಕೊಳ್ಳಿ, ಮಡಿಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ. ಇಷ್ಟೇ. ಅವರು ಒಳ್ಳೆಯ ಮನುಷ್ಯ, ಕಿವಿಗೊಟ್ಟು ಕೇಳಿದರು, ಮೇಲಿನವರನ್ನು ಕೇಳುತ್ತೇನೆ ಎಂದರು. ಮೇಲಿನವರನ್ನು ಕೇಳಿ ಬರಲು ಎರಡು ದಿನ ಹಿಡಿಯಿತು. ಇದನ್ನು ನೀನು ಮೊದಲ ದಿನವೇ ಕಿಟಕಿಯ ಹತ್ತಿರ ಹೇಳಬಹುದಾಗಿತ್ತು. ಅಲ್ಲಿರುವವರಲ್ಲಿ ನೀನೊಬ್ಬಳೇ ಹೇಳಬಲ್ಲವಳಾಗಿದ್ದೆ. ಅಲ್ಲಿ ನೀನು ಕಲ್ಯಾಣಪ್ಪನ ಮಗಳು ಅನ್ನುವುದನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಹೋಗಿದ್ದೆ. ಪೂಜೆ ಗೀಜೆ ಎಂದು ಬಾಯಿ ತೆರೆದರೆ ಜೊತೆಯವರು ಹಳ್ಳಿಯವಳು ಅಂದಾರು ಎಂಬ ನಾಚಿಕೆ ನಿನಗೆ. ಇಲ್ಲ ಅನ್ನು ನೋಡೋಣ.

ಭಾನುವಾರ ಬೆಳಿಗ್ಗೆ ಲಿಂಗ ಕೊಟ್ಟರು. ನಾನೇ ತೊಳೆದು, ವಿಭೂತಿ ಹಚ್ಚಿ, ಅವರ ಎಡಗೈ ತೆರೆದು ಅಂಗೈಯಲ್ಲಿಟ್ಟೆ. ನಿಮ್ಮಪ್ಪ ಅತ್ತರು, ಅನುಜಾ. ಎರಡು ತಿಂಗಳಲ್ಲಿ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಎರಡು ಮಾತೂ ಆಡಿದರು. ಆಮೇಲೆ ಅರ್ಧ ರೊಟ್ಟಿ ತಿಂದರು. ಸಾರಿಕಾ ಮೂಗು ಒರೆಸಿಕೊಂಡಳು. ಯಾವ ಗುಳಿಗೆ ಮಾಡದ್ದನ್ನು ನಾನು ಒಂದು ಗಳಿಗೆಯಲ್ಲಿ ಮಾಡಿದೆ ಎನಿಸಿತು ನನಗೆ. ಆ ಕ್ಷಣವೇ ಮನೆಗೆ ಒಯ್ಯುತ್ತೇನೆ ಎಂದೆ. ಅವಿನಾಶ ಸರ್ ಇನ್ನೊಂದು ವಾರ ಇರಲಿ ಎಂದರು. ಫೈಲಿನಲ್ಲಿ ಅಂಥ ಅಪಾಯದ ಗುರುತು ಕಾಣುವುದಿಲ್ಲ, ಬಾವಿಯ ಹತ್ತಿರ ಹಾಗೇ ಅಲೆದುಕೊಂಡು ಹೋಗಿರಬಹುದು, ಆದರೂ ಇರಲಿ ಎಂದರು. ನಾನು ನನ್ನ ಜವಾಬ್ದಾರಿಯ ಮೇಲೆ ಎಂದು ಸಹಿ ಹಾಕಿದೆ. ಗೇಟಿನ ಹತ್ತಿರ ನೀನು ನನ್ನ ತೋಳು ಹಿಡಿದೆ. "ಸಿಟ್ಟು ನನ್ನ ಮ್ಯಾಲ ತೀರಿಸ್ಕೋ ಅವ್ವಾ, ಅಪ್ಪನ ಮ್ಯಾಲ ಬ್ಯಾಡ" ಎಂದೆ. ನಾನು ಕೊಡವಿಕೊಂಡು, "ನೀ ನನ್ನ ಮಗಳಲ್ಲ, ಈ ದವಾಖಾನಿ ಮಗಳು" ಎಂದೆ. ಆ ಮಾತು ಎಲ್ಲರೆದುರಿಗೆ ಆಡಬಾರದಿತ್ತು. ಆಡಿದ್ದು ತಪ್ಪು ಎಂದು ಈಗಲೂ ಅನಿಸುವುದಿಲ್ಲ, ಎಲ್ಲರೆದುರಿಗೆ ಆಡಿದ್ದಷ್ಟೇ ತಪ್ಪು.

ಈಗ ಮನೆಯಲ್ಲಿದ್ದಾರೆ. ಎರಡು ಹೊತ್ತು ಪೂಜೆ ಮಾಡುತ್ತಾರೆ. ಕೊಟ್ಟದ್ದನ್ನು ಉಣ್ಣುತ್ತಾರೆ. ಹಳೆಯ ಗುಳಿಗೆ ಕೊಡುತ್ತಿದ್ದೇನೆ, ಆ ಹೊಸದನ್ನು ಬಿಟ್ಟಿದ್ದೇನೆ. ಮಾತು ಇಲ್ಲ, ಆದರೆ ಮಾತು ಬರಲು ಹೊತ್ತು ಹಿಡಿಯುತ್ತದೆ ಎಂದು ನೀನೇ ಹೇಳಿದ್ದೀ. ನಾನು ಸಾಲೆಗೆ ರಜೆ ಹಾಕಿದ್ದೇನೆ. ಧೂಳಪ್ಪ ಹಗಲೆಲ್ಲ ಬಾವಿಯ ಮೋಟರಿನ ಹತ್ತಿರವೇ ಕೆಲಸ ಹುಡುಕಿಕೊಂಡು ಇರುತ್ತಾನೆ, ಹಾಗೆಂದು ನಾನೇ ಹೇಳಿದ್ದೇನೆ. ಇದನ್ನು ಓದಿ ನೀನು ಇನ್ನೇನೋ ಅರ್ಥ ಹಚ್ಚಬೇಡ.

ಹೆಣ್ಣಿನ ಕಡೆಯವರು, ಕಂದಲಗಾಂವದವರು, ಮುಂದಿನ ವಾರ ತೇಜಸನನ್ನು ನೋಡಲು ಬರುತ್ತಾರೆ. ಅಪ್ಪ ಸೋಲಾಪುರದಲ್ಲಿ ಇದ್ದದ್ದು ಬಿ.ಪಿ.ಗಾಗಿ ಎಂದು ಹೇಳಿದ್ದೇನೆ. ಅವರಿಂದ ಫೋನು ಬಂದರೆ ನೀನೂ ಹಾಗೆಯೇ ಹೇಳು. ಸುಳ್ಳು ಹೇಳುವುದು ನಿನ್ನ ಪದ್ಧತಿಯಲ್ಲಿ ಬರುವುದಿಲ್ಲ ಎಂದು ಪಾಠ ಮಾಡಬೇಡ.

ಈಗ ನಾನು ಕೇಳುವುದು ಒಂದೇ. "ನಾನು ಮಾಡಿದ್ದು ತಪ್ಪು, ಅಪ್ಪನ ಲಿಂಗ ತೆಗೆಯುವ ಕಾಗದಕ್ಕೆ ಮಾತಿಲ್ಲದೆ ಸಹಿ ಹಾಕಬಾರದಿತ್ತು" ಎಂದು ನಿನ್ನ ಕೈಯಿಂದ, ಕನ್ನಡದಲ್ಲಿ ಬರೆದು ಕಳಿಸು. ಬರುವ ಸೋಮವಾರ ತೋರಿಸಲು ಬರಬೇಕೆಂದು ಅವಿನಾಶ ಸರ್ ಚೀಟಿ ಕೊಟ್ಟಿದ್ದಾರೆ. ಆ ನಿನ್ನ ಕಾಗದ ನನ್ನ ಕೈ ಸೇರುವ ತನಕ ನಿಮ್ಮಪ್ಪನನ್ನು ಆ ದವಾಖಾನೆಯ ಮೆಟ್ಟಿಲು ಹತ್ತಿಸುವುದಿಲ್ಲ. ಸೋಮವಾರವೂ ಇಲ್ಲ, ಅದರ ಮುಂದಿನ ಸೋಮವಾರವೂ ಇಲ್ಲ. ಹಟ ಅನ್ನು, ಏನಾದರೂ ಅನ್ನು. ಹಟ ನಿನಗೆ ಎಲ್ಲಿಂದ ಬಂದಿದೆ ಎಂದು ಊರವರನ್ನು ಕೇಳಿ ನೋಡು.

ಊಟ ಹೊತ್ತಿಗೆ ಸರಿಯಾಗಿ ಮಾಡು. ತೆಳ್ಳಗಾಗಿದ್ದೀ.

ಸಿಟ್ಟು ಇಳಿಯದ,
ನಿನ್ನ ಅವ್ವ
ಲಕ್ಷ್ಮೀಬಾಯಿ

ತಾ. ಕ. ಗುರುವಾರ, ಬೆಳಿಗ್ಗೆ ಏಳು ಗಂಟೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾನೇ ತಂದು ನಿನ್ನ ಕೈಯಲ್ಲಿ ಕೊಡುತ್ತೇನೆ. ತೇಜಸ ಗಾಡಿ ತರಲು ಹೋಗಿದ್ದಾನೆ, ಬರುತ್ತಿದ್ದೇವೆ ಎಂದು ನಿನಗೆ ಫೋನು ಮಾಡಿದ್ದಾನೆ, ಯಾಕೆಂದು ಅವನಿಗೆ ಗೊತ್ತಿಲ್ಲ. ನಿಮ್ಮಪ್ಪ ನನ್ನ ಎದುರಿಗೆ ಕಟ್ಟೆಯ ಮೇಲೆ ಕುಳಿತಿದ್ದಾರೆ. ಅರ್ಧ ತಾಸಿನ ಹಿಂದೆ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು, ಶಿವದಾರವನ್ನು ಸುತ್ತಿ, ಮೇಲೊಂದು ಪತ್ರಿ ಇಟ್ಟು, ದೇವರ ಜಗಲಿಯ ಮೇಲೆ ಬಿಟ್ಟು, ಬರಿಗೊರಳಲ್ಲಿ ಅಂಗಳ ದಾಟುತ್ತಿದ್ದರು. ನಾನು ಅಡ್ಡ ನಿಂತು ಕೈ ಹಿಡಿದೆ. ಬಿಡಿಸಿಕೊಳ್ಳಲಿಲ್ಲ.

ಹಾಗೆ ಜಗಲಿಯ ಮೇಲೆ ಬಿಟ್ಟದ್ದನ್ನು ನಾನು ಮೊದಲ ಸಲ ನೋಡಿದ್ದಲ್ಲ. ಆ ಸೋಮವಾರವೂ ಹೀಗೆಯೇ ಇಟ್ಟಿದ್ದರು. ದೀಪ ಹಚ್ಚಲು ಹೋದ ನಾನು ನೋಡಿದೆ, ನೋಡಿದ ಕೂಡಲೇ ಅವರು ಎಲ್ಲಿಗೆ, ಯಾಕೆ ಹೋಗಿದ್ದಾರೆಂದು ತಿಳಿಯಿತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊಲದ ದಾರಿ ಹಿಡಿದು ಓಡಿದೆ. ಧೂಳಪ್ಪ ಕರೆದುಕೊಂಡು ಬರುತ್ತಿದ್ದ. ಅವನನ್ನು ಮುಂದೆ ಕಳಿಸಿ, ಬೇಲಿಯ ಮರೆಯಲ್ಲಿ ಅವರ ಕೊರಳಿಗೆ ಕಟ್ಟಿ, ಗುಂಡಿ ಹಾಕಿದೆ. ಬದುಕಿದರಲ್ಲ ಎನ್ನುವುದಕ್ಕಿಂತ ಮೊದಲು, ಲಿಂಗ ತೆಗೆದಿಟ್ಟ ಮನುಷ್ಯ ಎಂದು ಕಂದಲಗಾಂವದವರು ಕೇಳಿದರೆ ಏನಾದೀತು ಎನ್ನುವುದೇ ನನ್ನ ತಲೆಗೆ ಬಂತು.

ಕಿಟಕಿಯ ಹತ್ತಿರ ನೀನು ಪೆನ್ನು ಹಿಡಿದು, "ಅವ್ವಾ, ಅಪ್ಪ ಇತ್ತಿತ್ಲಾಗ ಲಿಂಗ ಕೊಳ್ಳಾಗಿಂದ ತಗದಿಟ್ಟಿದ್ನೇನು? ಒಮ್ಮಿಯಾದ್ರೂ?" ಎಂದು ಕೇಳಿದೆ. ಆ ದವಾಖಾನೆಯಲ್ಲಿ ಬೇರೆ ಯಾರಿಗೂ ಹೊಳೆಯದ ಪ್ರಶ್ನೆ. ನಾನು ನಿನ್ನ ಮುಖ ನೋಡಿ, "ಜೀವಾ ಹೋದ್ರೂ ತಗಿಯಾಂವಲ್ಲ ನಿಮ್ಮಪ್ಪ" ಎಂದೆ. ನೀನು ಬರೆದುಕೊಂಡೆ. ಆ ನಾಲ್ಕು ಪದ ನನ್ನವು.

ಭಾನುವಾರ ಅವರಾಡಿದ ಎರಡು ಮಾತನ್ನೂ ನಿಮಗೆ ಯಾರಿಗೂ ಹೇಳಲಿಲ್ಲ. "ಯಾಕ ತಂದಿ ಇದನ್ನ? ನಾ ಬಿಟ್ಟು ಹೊಂಟಿದ್ನಲ್ಲ" ಎಂದರು. ಅದಕ್ಕೇ ಅತ್ತದ್ದು.

ದಾರದ ಮೇಲಿನ ನನ್ನ ಸಿಟ್ಟು ಸುಳ್ಳಲ್ಲ, ಅದು ಹಾಗೆಯೇ ಇದೆ. ಅದರ ಜಗಳ ಆಮೇಲೆ ಆಡೋಣ, ನಿನ್ನ ಕಾಗದ ನನಗೆ ಬೇಡ. ಇವತ್ತು ಗುರುವಾರ, ಅಕ್ಕಲಕೋಟೆಯಲ್ಲಿ ಗಾಡಿ ನಿಲ್ಲಿಸುವುದು ಬೇಡ ಎಂದು ತೇಜಸನಿಗೆ ಹೇಳಿದ್ದೇನೆ. ಈ ವಿಷಯ ಡಾಕ್ಟರರ ಮುಂದೆ ನನ್ನ ಬಾಯಿಂದ ಬರುವುದಿಲ್ಲ, ತೇಜಸನ ಮುಂದಂತೂ ಬರುವುದಿಲ್ಲ. ನೀನು ಹೇಳು. ಈ ಹಾಳೆಯನ್ನೇ ಎಲ್ಲದರ ಮೇಲೆ ಇಡುತ್ತೇನೆ, ಬೈದದ್ದನ್ನು ಪುರುಸೊತ್ತಾದಾಗ ಓದಿಕೋ. ನೀನು ಓದುವ ತನಕ ಹೊರಗೆ ಬೆಂಚಿನ ಮೇಲೆ ಅವರ ಕೈ ಹಿಡಿದುಕೊಂಡು ಕುಳಿತಿರುತ್ತೇನೆ. ಬೇಗ ಓದು.